ಬಿಡು ಎಂದರೆ ಹಿಡಿ

ಇದನ್ನು ಬರೆಯಬೇಕೆಂದು ಕೂತು ಹಾಗೇ ಎದ್ದದ್ದು ಎಷ್ಟು ಸಲವೋ. ಮೊದಲು, ನಿವೃತ್ತಿ ಆಗಲಿ ಅಂದುಕೊಂಡೆ. ಆಮೇಲೆ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ ಅಂದುಕೊಂಡೆ. ಈಗ ಕಣ್ಣು ಚೆನ್ನಾಗಿ ಕಾಣುತ್ತದೆ, ಕೈಯಲ್ಲಿ ಬೇರೆ ಕೆಲಸವೂ ಇಲ್ಲ. ಮುಂದೂಡುವುದಕ್ಕೆ ನೆಪ ಮುಗಿದಿದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಬರವಣಿಗೆ ಒರಟಾಗಿ ಕಂಡರೆ ಓದುವವರು ಸಹಿಸಿಕೊಳ್ಳಬೇಕು.

ನವಲಗುಂದ ತಾಲೂಕಿನ ಒಂದು ಕಾಲೇಜಿನಲ್ಲಿ ನಾನು ಆಟದ ಸಾಮಾನಿನ ಕೋಣೆಯ ಸಿಪಾಯಿಯಾಗಿದ್ದೆ. ಚೆಂಡಿಗೆ ಗಾಳಿ ತುಂಬುವುದು, ನೆಟ್ ಕಟ್ಟುವುದು, ಸುಣ್ಣದ ಪುಡಿಯಿಂದ ಗೆರೆ ಎಳೆಯುವುದು ನನ್ನ ಕೆಲಸ. ದೈಹಿಕ ಶಿಕ್ಷಣದ ಸರ್ ಹುಬ್ಬಳ್ಳಿಯಿಂದ ಬಂದು ಹೋಗುವವರು. ಸಂಜೆ ಹುಡುಗರು ಆಡಲು ಇಳಿಯುವ ಹೊತ್ತಿಗೆ ಅವರ ಬಸ್ಸು ಊರು ದಾಟಿರುತ್ತಿತ್ತು. ಪ್ರಾಯದಲ್ಲಿ ನಾನೂ ಕಬಡ್ಡಿ ಆಡಿದವನಾದ್ದರಿಂದ ತಂಡ ನನ್ನ ಕೈಗೆ ಬಂತು. ಕಾಗದದ ಮೇಲೆ ತರಬೇತಿ ಸರ್ ಕೊಡುತ್ತಿದ್ದರು, ಅಂಗಳದಲ್ಲಿ ನಾನು ಕೊಡುತ್ತಿದ್ದೆ. ಇದರಲ್ಲಿ ಇಬ್ಬರಿಗೂ ಸುಖವಿತ್ತು.

ನಮ್ಮದು ಎರೆ ಮಣ್ಣಿನ ಸೀಮೆ. ಬೇಸಿಗೆಯಲ್ಲಿ ನೆಲ ಬಿರಿದರೆ ಪಾದ ಒಳಗೆ ಹೋಗುತ್ತದೆ. ಮಳೆ ಬಿದ್ದರೆ ಅದೇ ಮಣ್ಣು ಕಾಲಿಗೆ ಮೆತ್ತಿಕೊಂಡು ಹೆಜ್ಜೆ ಕೀಳಲು ಬಿಡುವುದಿಲ್ಲ. ಅಲ್ಲಿ ಕಬಡ್ಡಿ ಆಡಿಸಬೇಕೆಂದರೆ ಮೇಲಿನ ಮಣ್ಣು ಕೆದರಿ ತೆಗೆದು, ಗರಸಿನ ಕಲ್ಲುಮಣ್ಣು ಹಾಕಿ, ಅದರ ಮೇಲೆ ಸೋಸಿದ ಕೆಂಪು ಮಣ್ಣು ಹರಡಿ, ನೀರು ಹೊಡೆದು, ರೋಲರ್ ಎಳೆಯಬೇಕು. ಕೊನೆಗೆ ಅಂಗೈ ಆಡಿಸಿ ಜಾಲಿ ಮುಳ್ಳು ಹುಡುಕಬೇಕು. ಈ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕಾಲಿನ ಹಿಮ್ಮಡಿಯಿಂದ ಒಮ್ಮೆ ಒತ್ತಿದರೆ ಸಾಕು, ಕೆಳಗಿನ ಮಣ್ಣು ಗಟ್ಟಿಯೋ ಹಸಿಯೋ ನನಗೆ ತಿಳಿಯುತ್ತಿತ್ತು. ಈ ಮಾತು ಮುಂದೆ ಬೇಕಾಗುತ್ತದೆ.

ನಾನು ಹೇಳಲು ಹೊರಟಿರುವ ಹುಡುಗ ತಿರ್ಲಾಪುರದಿಂದ ಬರುತ್ತಿದ್ದ. ಎತ್ತರ ಇರಲಿಲ್ಲ, ಓಟದಲ್ಲೂ ಸಾಧಾರಣ. ರೈಡ್‌ಗೆ ಕಳಿಸಿದರೆ ಔಟಾಗಿ ಬರುತ್ತಿದ್ದ. ಇವನಿಂದ ಆಗುವುದಿಲ್ಲವೆಂದು ಬಾಜೂ ಕೂಡಿಸಿದ್ದೆ. ಕೂತವನು ಸುಮ್ಮನಿರದೆ, ಆಡುವವರ ಕಾಲು ನೋಡಿ ಮುಂದಿನ ಹೆಜ್ಜೆ ಯಾವ ಕಡೆಗೆಂದು ಮೊದಲೇ ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ.

"ಭುಜ ಮೊದಲ ಹೇಳತೈತ್ರಿ ಕಾಕಾ. ಕಾಲು ಹಿಂದಿನಿಂದ ಬರತೈತಿ" ಎಂದ.

ಮರುದಿನವೇ ಅವನನ್ನು ಎಡ ಮೂಲೆಗೆ ನಿಲ್ಲಿಸಿದೆ. ಕಬಡ್ಡಿ ತಿಳಿಯದವರಿಗಾಗಿ ಹೇಳುತ್ತೇನೆ. ಎದುರಿನ ಆಟಗಾರ ರೈಡರ್ ಆಗಿ ಉಸಿರು ಹಿಡಿದು ನಮ್ಮ ಅಂಗಳಕ್ಕೆ ಬಂದಾಗ ಏಳು ಜನ ಅವನನ್ನು ಕಾಯುತ್ತಾರೆ. ಯಾವ ಗಳಿಗೆಯಲ್ಲಿ ಮೇಲೆ ಬೀಳಬೇಕೆಂದು ಒಬ್ಬ ಹೇಳಬೇಕು. ಅರೆಕ್ಷಣ ಮೊದಲಾದರೆ ತಪ್ಪಿಸಿಕೊಳ್ಳುತ್ತಾನೆ, ತಡವಾದರೆ ಮುಟ್ಟಿ ಓಡುತ್ತಾನೆ. ನಡು ಗೆರೆಗೆ ಅವನ ಬೆರಳ ತುದಿ ತಾಕಿತೆಂದರೆ ಅವನನ್ನು ಹಿಡಿದವರೆಲ್ಲ ಔಟ್. ಮೂಲೆಯಲ್ಲಿ ನಿಂತವನ ಬಾಯಲ್ಲಿ ಇಡೀ ತಂಡ ಇರುತ್ತದೆ.

ಬಾಯಿಯದೇ ತೊಂದರೆ. "ಹಿಡಿ" ಎಂದರೆ ಎದುರಿನವನಿಗೂ ಕೇಳುತ್ತದೆ. ಅವನು ಜಿಗಿದು ಹಿಂದೆ ಸರಿಯುತ್ತಾನೆ. ಒಂದು ಸಂಜೆ ಗೆರೆ ಎಳೆಯುತ್ತಿದ್ದಾಗ ನನಗೊಂದು ಉಪಾಯ ಹೊಳೆಯಿತು. ಮಾತನ್ನು ತಿರುವಿ ಹಾಕಿದರೆ ಹೇಗೆ? ಇನ್ನು ಮೇಲೆ ನಮ್ಮ ತಂಡದಲ್ಲಿ ಬಿಡು ಎಂದರೆ ಹಿಡಿ, ಹಿಡಿ ಎಂದರೆ ಬಿಟ್ಟು ಹಿಂದೆ ಸರಿ. ಹುಟ್ಟಿದಾಗಿನಿಂದ ಕೇಳಿದ ಮಾತು. ಬಿಡು ಎಂದು ಕಿವಿಗೆ ಬಿದ್ದರೆ ಯಾರದೇ ಮೈಯಾದರೂ ಒಂದಿಷ್ಟು ಸಡಿಲಾಗುತ್ತದೆ. ಆ ಸಡಿಲಿನಲ್ಲಿ ಹಿಡಿಯಬೇಕು.

ಹೇಳುವುದು ಸುಲಭ. ಮೊದಮೊದಲು ನಗೆಪಾಟಲಾಯಿತು. ಅರ್ಧ ಜನ ಹಿಡಿದರೆ ಅರ್ಧ ಜನ ಬಿಡುತ್ತಿದ್ದರು. ಮಾತಿನ ಅರ್ಥ ತಲೆಗೆ ಮುಟ್ಟುವ ಮೊದಲೇ ತೋಳು ಬಿಗಿಯಬೇಕು, ಅದಕ್ಕಾಗಿ ಊಟ ತಿಂಡಿಯಲ್ಲೂ ಅದೇ ಅಭ್ಯಾಸ ಹಚ್ಚಿದೆ. ಚಹಾದ ಅಂಗಡಿಯಲ್ಲಿ "ಮಿರ್ಚಿ ಬಿಡಲೇ" ಎಂದರೆ ಎಲ್ಲರ ಕೈ ತಟ್ಟೆಗೆ ಬೀಳುತ್ತಿತ್ತು. ಇವರಿಗೆ ಕಾಲೇಜಿನಲ್ಲಿ ಕನ್ನಡ ಉಲ್ಟಾ ಕಲಿಸುತ್ತಾರೇನು ಎಂದು ಅಂಗಡಿಯವ ಕೇಳಿದ್ದ. ಮತ್ತೊಂದು ಕಟ್ಟುನಿಟ್ಟು ಇಟ್ಟಿದ್ದೆ. ಆಡುವಾಗ ಎರಡೇ ದನಿಗೆ ಕಿವಿ ಕೊಡಬೇಕು, ಮೂಲೆಯವನದು ಮತ್ತು ನನ್ನದು. ಹೊರಗೆ ಯಾರು ಏನು ಕೂಗಿದರೂ ಅದು ಗಾಳಿ. ಇದನ್ನು ಪರೀಕ್ಷಿಸಲು ಬೇರೆ ಹುಡುಗರನ್ನು ಸುತ್ತ ನಿಲ್ಲಿಸಿ ಬೇಕಾದ್ದು ಒದರಿಸುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಆರೂ ಜನ ಹೊರಗಿನ ಸದ್ದಿಗೆ ಕಿವುಡರಾದರು.

ಆ ಮಾತಿನಿಂದಲೇ ನಾವು ಗೆದ್ದೆವು. ಊರೂರು ತಿರುಗಿ ಗೆದ್ದೆವು. ಹುಡುಗ ವಿಶ್ವವಿದ್ಯಾಲಯದ ತಂಡಕ್ಕೆ ಹೋದ. ಅಲ್ಲಿ ನೋಡಿದವರೊಬ್ಬರು ಅವನನ್ನು ಟಿವಿಯಲ್ಲಿ ಬರುವ ದೊಡ್ಡ ಪಂದ್ಯಾವಳಿಯ ಒಂದು ತಂಡದ ಆಯ್ಕೆಗೆ ಕರೆಸಿದರು. ಅವನು ಆಯ್ಕೆಯಾಗಿಬಿಟ್ಟ.

ಆಗ ಅವನ ಅಕ್ಕ ನನ್ನನ್ನು ಕಾಣಲು ಬಂದರು. ತಂದೆ ಇಲ್ಲದ ಮನೆ, ಹೊಲಮನೆಯ ಜವಾಬ್ದಾರಿಯೆಲ್ಲ ಅವರದೇ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುವುದು ವಾಡಿಕೆ. ಊರಿಗೆಲ್ಲ ಅವರು ಅಕ್ಕೋರು, ನನಗೂ ಹಾಗೆಯೇ. ತಮ್ಮನ ಡಿಗ್ರಿ ಕೊನೆಯ ವರ್ಷದಲ್ಲಿತ್ತು, ಅದನ್ನು ಬಿಟ್ಟು ಹೋಗುವುದು ಅವರಿಗೆ ಒಪ್ಪಿಗೆ ಇರಲಿಲ್ಲ. ನಾನೇ ಒಪ್ಪಿಸಿದೆ. ಏಳುವಾಗ ಒಂದು ಮಾತು ಹೇಳಿದರು.

"ಆಡಲಿ ಕಾಕಾ. ಆದ್ರ ಅವನ ಮೈಗೆ ಏನರ ಆದ್ರ ಮುಚ್ಚಿಡಬ್ಯಾಡ್ರಿ. ಅಂವ ನನಗ ಹೇಳಂಗಿಲ್ಲ, ನೀವು ಹೇಳಬೇಕು."

ಆಗಲಿ ಎಂದೆ.

ಆ ಒಂದು ಸೀಸನ್ ಅವನು ದೊಡ್ಡ ಆಟಗಾರ. ಹೆಚ್ಚಿನ ದಿನ ಬೆಂಚಿನ ಮೇಲೆ ಕೂತಿದ್ದ, ಕೆಲವು ಪಂದ್ಯಗಳಲ್ಲಿ ಬದಲಿಯಾಗಿ ಇಳಿದ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಟಿವಿ ಮುಂದೆ ನಾವೆಲ್ಲ ನಿಂತು ನೋಡಿದೆವು. ಬಣ್ಣದ ಮ್ಯಾಟು, ಕಾಲಲ್ಲಿ ಬೂಟು, ಬೆನ್ನ ಮೇಲೆ ಹೆಸರು. ಒಬ್ಬ ಪ್ರಸಿದ್ಧ ರೈಡರನ ಹಿಮ್ಮಡಿಗೆ ಬಿದ್ದು ಕೆಡವಿದಾಗ ಹೋಟೆಲಿನವ ಎಲ್ಲರಿಗೂ ಚಹಾ ಹಂಚಿದ. ಫೋನಿನಲ್ಲಿ ಮಾತಾಡುವಾಗ ಮಾತ್ರ ಹುಡುಗನ ದನಿ ಸಣ್ಣದಾಗಿರುತ್ತಿತ್ತು. ಅಲ್ಲಿ ಎಲ್ಲರೂ ಹಿಂದಿ. ನಮ್ಮ ಮಾತು ಅಲ್ಲಿ ನಡೆಯುವುದಿಲ್ಲ, ಪಕ್ಕದವನ ಕೈ ಅದುಮಿ ಹೇಳಬೇಕು ಎಂದ. ಮ್ಯಾಟಿನ ಮೇಲೆ ಬೂಟು ಕಚ್ಚಿಕೊಳ್ಳುತ್ತದೆ, ಮಣ್ಣಿನಂತೆ ಜಾರುವುದಿಲ್ಲ, ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಮೊಣಕಾಲು ಜೋಪಾನ ಮಾಡಬೇಕು ಎಂದೂ ಹೇಳಿದ. ಹೊಸದಾಗಿ ಕಲಿಯುತ್ತಿದ್ದ. ಸೀಸನ್ ಮುಗಿದಾಗ, ಮುಂದಿನ ಶಿಬಿರಕ್ಕೆ ಬಾ, ಅಲ್ಲಿ ಮೈಯ ಪರೀಕ್ಷೆ ಪಾಸಾದರೆ ಈ ಸಲ ಮೊದಲ ಏಳರಲ್ಲಿ ನಿಲ್ಲಿಸುತ್ತೇವೆ ಎಂದು ತರಬೇತುದಾರರು ಹೇಳಿ ಕಳಿಸಿದ್ದರು. ಅಲ್ಲಿಯವರೆಗೆ ಹೊರಗೆ ಎಲ್ಲಿಯೂ ಆಡಕೂಡದು ಎಂದೂ ಹೇಳಿದ್ದರು.

ಅವನು ಊರಿಗೆ ಬಂದ ವರ್ಷವೇ ನನ್ನ ನೌಕರಿಯ ಕೊನೆಯ ವರ್ಷ. ಕಲಘಟಗಿಯಲ್ಲಿ ಕಬಡ್ಡಿ ಪಂದ್ಯಗಳಿದ್ದವು, ಹಳೆಯ ವಿದ್ಯಾರ್ಥಿಗಳೂ ಕಾಲೇಜಿನ ಪರವಾಗಿ ಆಡಬಹುದಿತ್ತು. ಟಿವಿಯಲ್ಲಿ ಬಂದ ಆಟಗಾರ ನನ್ನ ಪಕ್ಕದಲ್ಲಿ ನಿಂತಿರುವಾಗ ಮೈಕಿನವನು ನನ್ನ ಹೆಸರು ಹೇಳಬೇಕೆಂಬ ಆಸೆ ಹುಟ್ಟಿತು. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಇದ್ದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ.

ತಿರ್ಲಾಪುರಕ್ಕೆ ನಾನೇ ಹೋದೆ. ಹುಡುಗ ಕಟ್ಟೆಯ ಮೇಲೆ ಕೂತು ಹತ್ತಿ ಬಿಡಿಸುತ್ತಿದ್ದ. ಆಡಬಾರದೆಂದು ಹೇಳಿದ್ದಾರೆ ಎಂದ.

"ನೀ ಆಡಬ್ಯಾಡಲೇ, ಬರೇ ಮೂಲ್ಯಾಗ ನಿಂದ್ರು. ನಿನ್ನ ನೋಡಿದ್ರ ಸಾಕು, ಎದುರಿನವರ ಕಾಲು ನಡಗ್ತಾವ" ಎಂದೆ.

ಅವನು ಅಕ್ಕನ ಮುಖ ನೋಡಿದ. ಬೇಡ ಎಂದು ಅವರು ಸ್ಪಷ್ಟವಾಗಿ ಹೇಳಿದರು. ಮುಂದಿನ ವರ್ಷ ನಾನು ಇರುವುದಿಲ್ಲ, ಇದೊಂದು ಸಲ ಎಂದು ಬೇಡಿಕೊಂಡೆ. ಹಿರಿಯ ಮನುಷ್ಯ ಹೊಸ್ತಿಲಲ್ಲಿ ನಿಂತು ಹಾಗೆ ಕೇಳಿದರೆ ಆ ಮನೆಯವರು ಎರಡನೆಯ ಸಲ ಇಲ್ಲ ಎನ್ನುವುದಿಲ್ಲ. ಅದು ನನಗೆ ಗೊತ್ತಿತ್ತು. ಹಾಗಾದರೆ ನಾನೂ ಬರುತ್ತೇನೆ ಎಂದು ಅಕ್ಕೋರು ಅಂದರು.

ಕಲಘಟಗಿಯ ಅಂಗಳ ಕೆಂಪು ಮಣ್ಣಿನದು. ಧೂಳು ಏಳದಿರಲೆಂದು ಹಿಂದಿನ ದಿನ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಮುಂಜಾನೆ ನಾನು ಸುತ್ತು ಹಾಕಿ ಹಿಮ್ಮಡಿ ಒತ್ತಿ ನೋಡಿದೆ. ಮೇಲೆ ಒಣಗಿ ಗಟ್ಟಿಯಾಗಿತ್ತು, ಎಡ ಮೂಲೆಯಲ್ಲಿ ಕೆಳಗೆ ಹಸಿ ಇತ್ತು. ಹೇಳಿದ್ದರೆ ಅಗೆದು ಒಣ ಮಣ್ಣು ತುಂಬುತ್ತಿದ್ದರು, ಆಟ ಮಧ್ಯಾಹ್ನಕ್ಕೆ ಹೋಗುತ್ತಿತ್ತು. ಅಷ್ಟೊತ್ತಿಗೆ ಬಹುಮಾನ ಕೊಡುವ ದೊಡ್ಡವರು ಎದ್ದು ಹೋಗುತ್ತಾರೆ. ಸುಮ್ಮನಾದೆ.

ಮೊದಲ ಎರಡು ಪಂದ್ಯ ಸುಲಭವಾಗಿ ಮುಗಿದವು. ಹುಡುಗ ಬರಿಗಾಲಲ್ಲಿ ಮಣ್ಣಿಗಿಳಿದು ಬಹಳ ದಿನ ಆಗಿತ್ತು. ನಗುತ್ತ ಆಡಿದ. ಎದುರಿನವರಲ್ಲಿ ಒಬ್ಬ, "ಟಿವಿಯವ್ರ, ಮಣ್ಣು ಹತ್ತೀತು, ಜ್ವಾಕಿ" ಎಂದು ಕಿಚಾಯಿಸಿದ. ಅದೇ ಮನುಷ್ಯನನ್ನು ಮೂರು ಸಲ ಕೆಡವಿದ ಮೇಲೆ ಹುಡುಗ, "ಹತ್ತೇತಿ ನೋಡ್ರಿ, ನಿಮ್ಮ ಬೆನ್ನಿಗೆ" ಎಂದ. ಹಗ್ಗದ ಆಚೆ ಜನ ಹೊಟ್ಟೆ ಹಿಡಿದು ನಕ್ಕರು.

ಫೈನಲ್ ಸಮಸಮ ನಡೆಯಿತು. ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಮುಂದಿದ್ದೆವು. ಅವರ ಕಡೆಯ ದಪ್ಪನೆಯ ರೈಡರ್ ಒಳಬಂದ. ಹುಡುಗ ಭುಜ ನೋಡಿದ, ಕಾಲು ಬರುವ ಮೊದಲೇ ಬಿದ್ದು ಹಿಮ್ಮಡಿ ಹಿಡಿದ, "ಬಿಡು" ಎಂದ. ನಮ್ಮವರು ಬಂದು ಮುಚ್ಚಿದರು. ಎಲ್ಲ ಕಲಿಸಿದಂತೆಯೇ ಆಯಿತು. ಆ ದಪ್ಪ ಮನುಷ್ಯ ಮಾತ್ರ ನಿಲ್ಲದೆ ಎಲ್ಲರನ್ನೂ ಎಳೆದುಕೊಂಡು ನಡು ಗೆರೆಯ ಕಡೆಗೆ ವಾಲಿದ. ಹುಡುಗನ ಬಲ ಪಾದ ಮೂಲೆಯ ಹಸಿ ಮಣ್ಣಿನಲ್ಲಿ ಹರಡಿನ ಗಂಟಿನವರೆಗೆ ಇಳಿಯಿತು. ಪಾದ ಅಲ್ಲೇ ಉಳಿಯಿತು, ಮೈ ಆಚೆ ಹೋಯಿತು. ಮೊಣಕಾಲು ಒಳಮುಖವಾಗಿ ಬಾಗಿದ್ದನ್ನು ನಾನು ಕಣ್ಣಾರೆ ಕಂಡೆ.

"ಬಿಡ್ರಲೇ" ಎಂದು ಅವನು ಕೂಗಿದ. "ಬಿಡ್ರಿ, ಬಿಡ್ರಿ."

ಅದು ಮನೆಯ ಕನ್ನಡ, ನೋವಿನ ಕನ್ನಡ. ನಮ್ಮ ಹುಡುಗರಿಗೆ ನಾನು ಬೇರೆ ಕನ್ನಡ ಕಲಿಸಿದ್ದೆ. ಮೂಲೆಯಿಂದ ಬಿಡು ಎಂಬ ದನಿ ಬಂತು, ತೋಳುಗಳು ಬಿಗಿದವು. ಅವನು ಕೂಗಿದಷ್ಟೂ ಒತ್ತಿದರು. ನಾನು ನಿಂತಿದ್ದ ಗೆರೆಯ ಹಿಂದೆಯೇ ಹಗ್ಗ. ಅಲ್ಲಿಂದ ಅಕ್ಕೋರು, "ಬಿಡ್ರೋ ಅವನ್ನ, ಬಿಡ್ರೋ" ಎಂದು ಒದರಿದರು. ಸುತ್ತಲಿನ ಸಿಳ್ಳೆ, ಗದ್ದಲದಲ್ಲಿ ಅದು ನನ್ನ ಕಿವಿಗೆ ಬಿದ್ದುದೇ ಹೆಚ್ಚು.

ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. "ಹಿಡಿ" ಎಂದಿದ್ದರೆ ಎಲ್ಲರೂ ಆ ಕ್ಷಣವೇ ಕೈಬಿಟ್ಟು ಹಿಂದೆ ಸರಿಯುತ್ತಿದ್ದರು. ಅವರು ಕಿವಿಗೊಡುವ ಎರಡನೆಯ ದನಿ ನನ್ನದೇ. ಆದರೆ ರೈಡರನ ಬೆರಳು ನಡು ಗೆರೆಗೆ ಒಂದು ಗೇಣು ದೂರದಲ್ಲಿತ್ತು. ಬಿಟ್ಟರೆ ಮುಟ್ಟುತ್ತಾನೆ, ಹಿಡಿದವರೆಲ್ಲ ಔಟ್, ಆಟ ಹೋಯಿತು. ಇದೆಲ್ಲ ತಲೆಯಲ್ಲಿ ಓಡಿದ್ದು ನನಗೆ ಈಗಲೂ ನೆನಪಿದೆ. ತೋಚಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ತೋಚಿತ್ತು. ಬಾಯಿ ಮುಚ್ಚಿಕೊಂಡು ಸೀಟಿಗೆ ಕಾಯ್ದೆ.

ಸೀಟಿ ಊದಿದರು. ಗೆದ್ದೆವು.

ಎಲ್ಲರೂ ಎದ್ದ ಮೇಲೆ ಅವನೊಬ್ಬ ಏಳಲಿಲ್ಲ. ಎತ್ತಿ ತಂದು ನೆರಳಿಗೆ ಕೂರಿಸಿದೆವು. ಒಳಗೆ ಟಪ್ ಎಂದು ಏನೋ ಹರಿದಂತಾಯಿತು ಎಂದು ಅವನು ಹೇಳಿದ. ಉಳುಕು ಎಂದೆ ನಾನು. ನಮ್ಮ ಕಡೆ ಎಲುಬು ಮುರಿದಿಲ್ಲವೆಂದರೆ ಉಳಿದದ್ದೆಲ್ಲ ಉಳುಕು. ಎಷ್ಟೋ ಉಳುಕು ಎಳೆದು ಸರಿ ಮಾಡಿದ ಕೈ ನನ್ನದು. ಅಷ್ಟರಲ್ಲಿ ಅಕ್ಕೋರು ಜನರನ್ನು ಸರಿಸಿಕೊಂಡು ಬಂದರು. ಅಳುತ್ತಿರಲಿಲ್ಲ.

"ಹುಬ್ಬಳ್ಳಿಗೆ ಹೋಗೂಣು ನಡೀರಿ. ಈಗ ಎಕ್ಸ್‌ರೇ ಫೋಟೋ ತಗಸೂಣು. ಯಾರರ ಒಂದು ಗಾಡಿ ನೋಡ್ರಿ."

ದವಾಖಾನೆಗೆ ಹೋದರೆ ಹೇಗಾಯಿತು ಎಂದು ಕೇಳುತ್ತಾರೆ. ಆಡಿದ್ದು ದೊಡ್ಡ ತಂಡದವರಿಗೆ ಗೊತ್ತಾಗುತ್ತದೆ. ಆಡಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಮಣ್ಣು ಹಸಿ ಇತ್ತು, ನಾನು ಬಾಯಿ ಬಿಡಲಿಲ್ಲ, ಅದೂ ಬರುತ್ತದೆ. ಸುತ್ತ ನಮ್ಮ ಹುಡುಗರು, ಸಂಘಟಕರು, ಎದುರಿನ ತಂಡದವರು ನಿಂತಿದ್ದರು. ಅವರೆಲ್ಲರ ಮುಂದೆ ನಾನು ಹೇಳಿದೆ.

"ಅಕ್ಕೋರ, ನೀವು ಹೊರಗಿಂದ ಬಿಡ್ರಿ ಬಿಡ್ರಿ ಅಂತ ಒದರಿದ್ರಿ. ನಮ್ಮ ತಂಡದಾಗ ಬಿಡು ಅಂದ್ರ ಹಿಡಿ ಅಂತ. ಅದಕ್ಕ ಹುಡುಗ್ರು ಮತ್ತಷ್ಟು ಮ್ಯಾಲ ಬಿದ್ರು. ಗೊತ್ತಿಲ್ಲದ ಬಾಯಿ ಹಾಕಬಾರದಿತ್ತು."

ಅವರು ನಮ್ಮ ಹುಡುಗರ ಮುಖ ನೋಡಿದರು. ಹುಡುಗರು ನೆಲ ನೋಡಿದರು. ಅವರಿಗೆ ಹೊರಗಿನ ಯಾವ ದನಿಯೂ ಕೇಳಿರಲಿಲ್ಲ, ಆದರೆ ಕಾಕಾ ಹೇಳಿದ ಮೇಲೆ ಇದ್ದರೂ ಇರಬಹುದು ಎಂದುಕೊಂಡಿರಬೇಕು.

"ನನ್ನಿಂದ ಆತೇನ್ರಿ?" ಎಂದು ಅಕ್ಕೋರು ಮೆಲ್ಲಗೆ ಕೇಳಿದರು.

"ಆದದ್ದು ಆತು" ಎಂದೆ.

ಆಮೇಲೆ ಅವರು ಹುಬ್ಬಳ್ಳಿಯ ಮಾತೆತ್ತಲಿಲ್ಲ. ಸೆರಗಿನ ತುದಿಯಿಂದ ತಮ್ಮನ ಪಾದಕ್ಕೆ ಮೆತ್ತಿದ ಕೆಸರು ಒರೆಸುತ್ತ ಕೂತರು. ನಾನು ಮೊಣಕಾಲು ಎಳೆದೆ. ಅವನು ನನ್ನ ಭುಜಕ್ಕೆ ಉಗುರು ಊರಿ ತಡೆದುಕೊಂಡ. ಅರಿಷಿಣ ಸುಣ್ಣ ಕಲಸಿ ಹಚ್ಚಿ ಬಟ್ಟೆ ಸುತ್ತಿದೆ. ಮೈಕಿನಲ್ಲಿ ನನ್ನ ಹೆಸರು ಹೇಳಿದರು. ಶೀಲ್ಡಿನ ಜೊತೆಗೆ ಕಲಘಟಗಿಯ ಬಣ್ಣದ ಪುಟ್ಟ ತೊಟ್ಟಿಲೊಂದನ್ನೂ ಕೊಟ್ಟರು. ಅದನ್ನು ಮನೆಗೆ ತಂದು ಅಟ್ಟಕ್ಕೆ ಹಾಕಿದ್ದೇನೆ.

ಕೆಲವು ದಿನಗಳಲ್ಲಿ ಬಾವು ಇಳಿಯಿತು. ಅವನು ನಡೆದಾಡಿದ. ನೋಡಿದಿರಾ ಉಳುಕು ಎಂದು ನಾನು ಊರಲ್ಲಿ ಹೇಳಿಕೊಂಡೆ. ಶಿಬಿರಕ್ಕೆ ಹೋದ. ಮ್ಯಾಟಿನ ಮೇಲೆ ಮೊದಲ ಸಲ ಬದಿಗೆ ತಿರುಗಿದಾಗಲೇ ಮೊಣಕಾಲು ಕೈಕೊಟ್ಟಿತು. ಅಲ್ಲಿನ ಡಾಕ್ಟರು ಸ್ಕ್ಯಾನ್ ಮಾಡಿಸಿ ನೋಡಿದರು. ಒಳಗೆ ಎಲುಬುಗಳನ್ನು ಕಟ್ಟಿ ಹಿಡಿಯುವ ಪಟ್ಟಿ ಪೂರ್ತಿ ಹರಿದಿತ್ತು. ಅದನ್ನು ಆಪರೇಶನ್ ಮಾಡಬಹುದು, ಆದರೆ ಹರಿದದ್ದನ್ನು ಎಳೆದು, ಅದೇ ಕಾಲ ಮೇಲೆ ನಡೆದು, ನಡುವಿನ ಮೆತ್ತೆಯೂ ಜಜ್ಜಿಹೋಗಿದೆ, ಮೊದಲ ದಿನವೇ ಯಾಕೆ ತೋರಿಸಲಿಲ್ಲ ಎಂದು ಕೇಳಿದರಂತೆ. ಆಪರೇಶನ್ ಆಯಿತು. ನಡೆಯಲು ಕಾಲು ಸಾಕು, ಆಟಕ್ಕೆ ಸಾಲದು. ದೊಡ್ಡ ತಂಡದಿಂದ ಮತ್ತೆ ಕರೆ ಬರಲಿಲ್ಲ. ಅವನ ದೊಡ್ಡ ಆಟ ಒಂದು ಸೀಸನ್‌ಗೆ ಮುಗಿಯಿತು.

ಈಗ ಅವನು ಅಣ್ಣಿಗೇರಿಯಲ್ಲಿ ಬೀಜ ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾನೆ. ಹೋದ ವರ್ಷ ಬಸ್ ನಿಲ್ದಾಣದಲ್ಲಿ ಸಿಕ್ಕ. ಬೆಂಚಿನ ಮೇಲೆ ಕೂತೆವು. ಬಲಗಾಲನ್ನು ಮುಂದೆ ಚಾಚಿ ಕೂತಿದ್ದ. ಅಲ್ಲಿ ನಾನು ಎಲ್ಲ ಹೇಳಿದೆ. ಹಸಿ ಮಣ್ಣು ಗೊತ್ತಿತ್ತು, ಹಿಡಿ ಅನ್ನಬಹುದಿತ್ತು, ಅನ್ನಲಿಲ್ಲ, ನನ್ನದು ತಪ್ಪಾಯಿತು ಎಂದೆ.

ಅವನು ಚಾಚಿದ ಕಾಲನ್ನು ಎರಡೂ ಕೈಯಿಂದ ಹಿಂದೆ ಎಳೆದುಕೊಂಡ.

"ಗೊತ್ತೈತ್ರಿ. ಕೆಳಗ ಬಿದ್ದಾಗ ನಿಮ್ಮ ಕಾಲ ಕಾಣತಿದ್ವು. ಈಗ ಹಿಡಿ ಅಂತಾರ, ಈಗ ಅಂತಾರ ಅಂತ ಕಾಯ್ದೆ" ಎಂದ. ಆಮೇಲೆ, "ಬಿಡ್ರಿ ಕಾಕಾ" ಎಂದ.

ಯಾವ ಕನ್ನಡದಲ್ಲಿ ಹೇಳಿದನೋ ಕೇಳುವ ಧೈರ್ಯ ಆಗಲಿಲ್ಲ.

ಅವನ ಬಸ್ಸು ಬಂತು. ಎದ್ದು ನಿಂತು, ಏನೋ ನೆನಪಾದವನಂತೆ ಮತ್ತೊಂದು ಮಾತು ಹೇಳಿದ. ಅಕ್ಕ ಈಗಲೂ ಕಬಡ್ಡಿ ನೋಡುವುದಿಲ್ಲ. ಶಾಲೆಯ ಅಂಗಳದಲ್ಲಿ ಮಕ್ಕಳು ಆಡಿದರೆ ಎದ್ದು ಒಳಗೆ ಹೋಗುತ್ತಾಳೆ. ತಾನು ಒದರಿದ್ದರಿಂದಲೇ ಹೀಗಾಯಿತು ಎನ್ನುತ್ತಾಳೆ.

"ನಾ ಎಷ್ಟ ಹೇಳಿದ್ರೂ ನಂಬಂಗಿಲ್ರಿ. ಕಾಕಾನ ಹೇಳ್ಯಾರಲ್ಲ, ಅವರಿಗೆ ಗೊತ್ತಿರಂಗಿಲ್ಲೇನು ಅಂತಾಳ."

ಅದಾದ ಮೇಲೆ ಆ ಶಾಲೆಯ ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಒಳಗಿನಿಂದ ಮಗ್ಗಿ ಹೇಳಿಸುವ ದನಿ ಕೇಳುತ್ತಿತ್ತು. ಆ ದನಿಯ ಗುರುತು ನನಗೆ ಚೆನ್ನಾಗಿದೆ. ಕಲಘಟಗಿಯಲ್ಲಿ ಹಗ್ಗದ ಆಚೆಯಿಂದ ಬಂದ ಆ ಕೂಗು ಒಳಗಿದ್ದ ಹುಡುಗರಲ್ಲಿ ಒಬ್ಬರಿಗೂ ಮುಟ್ಟಿರಲಿಲ್ಲ. ಕೇಳಿಸಿಕೊಂಡವನು ನಾನೊಬ್ಬನೇ. ಅದನ್ನೇ ತೆಗೆದುಕೊಂಡು ಅವರ ತಲೆಗೆ ಕಟ್ಟಿದೆ. ಅಂದು ಹತ್ತು ಜನರ ಮುಂದೆ ಅಂದದ್ದನ್ನು ಹತ್ತು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಊರೆಲ್ಲ ಅಕ್ಕೋರು ಎನ್ನುತ್ತದೆ, ಇಲ್ಲಿಯೂ ಹಾಗೇ ಬರೆದರೆ ಯಾವ ಶಾಲೆಯ ಯಾವ ಅಕ್ಕೋರೋ ಎಂದು ಓದುವವರು ದಾಟಿ ಹೋಗುತ್ತಾರೆ.

ಅವರ ಹೆಸರು ಸುಮಂಗಲಾ.